ಜಾಕ್ ಆಂಕೆಟಿಲ್

ಜಾಕ್ ಆಂಕೆಟಿಲ್ (8 ಜನವರಿ 1934 – 18 ನವೆಂಬರ್ 1987) ಫ್ರಾನ್ಸ್ ದೇಶದ ಪ್ರಸಿದ್ಧ ಸೈಕಲ್ ಸ್ಪರ್ಧಿ. ಟೂರ್ ದ ಫ್ರಾನ್ಸ್ ಸ್ಪರ್ಧೆಯನ್ನು ಐದು ಬಾರಿ (1957 ಮತ್ತು 1961ರಿಂದ 1964ರವರೆಗೆ) ಗೆದ್ದ ಮೊದಲಿಗರು. ಫ್ರಾನ್ಸ್, ಇಟಲಿ ಮತ್ತು ಸ್ಪೇನ್ ದೇಶಗಳ ಮೂರು ಮಹಾಸ್ಪರ್ಧೆಗಳನ್ನೂ ಗೆದ್ದವರಲ್ಲಿ ಇವರೇ ಪ್ರಥಮರು. ಟೈಮ್ ಟ್ರಯಲ್ ವಿಭಾಗದಲ್ಲಿ ಇವರಿಗಿದ್ದ ಪ್ರಭುತ್ವವೇ ಈ ಗೆಲುವುಗಳಿಗೆ ಮುಖ್ಯ ಆಧಾರವಾಗಿತ್ತು.

ಆರಂಭಿಕ ಜೀವನ

ಆಂಕೆಟಿಲ್ ಅವರು ನಾರ್ಮಂಡಿ ಪ್ರಾಂತ್ಯದ ರೂಆನ್ ನಗರದ ಸಮೀಪ ಜನಿಸಿದರು. ಗಾರೆ ಕೆಲಸ ಮಾಡುತ್ತಿದ್ದ ತಂದೆ ಮುಂದೆ ಕ್ಯಾಂಕಾಂಪ್ವಾ ಎಂಬ ಹಳ್ಳಿಯಲ್ಲಿ ಸ್ಟ್ರಾಬೆರಿ ಬೇಸಾಯಕ್ಕೆ ತೊಡಗಿದರು. ಬಾಲಕ ಜಾಕ್ ಲೋಹದ ಕೆಲಸದ ತರಬೇತಿ ಪಡೆದರೂ ಮನಸ್ಸು ಸೈಕಲ್‌ನಲ್ಲಿಯೇ ನೆಟ್ಟಿತ್ತು. ಸೋತವಿಲ್ ಕ್ಲಬ್ಬಿನ ಆಂದ್ರೆ ಬೂಶೆ ಇವರಿಗೆ ಗುರುವಾದರು. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನ ತಂಡ ಸ್ಪರ್ಧೆಯಲ್ಲಿ ಕಂಚಿನ ಪದಕ ಲಭಿಸಿತು. ಮರುವರ್ಷ, ಹತ್ತೊಂಬತ್ತರ ಹರೆಯದಲ್ಲಿ, ಸುಮಾರು 140 ಕಿ.ಮೀ. ದೂರದ ಗ್ರಾಂ ಪ್ರಿ ದೆ ನಾಸಿಯೋಂ ಎಂಬ ಟೈಮ್ ಟ್ರಯಲ್ ಸ್ಪರ್ಧೆಯನ್ನು ಆರು ನಿಮಿಷಕ್ಕೂ ಹೆಚ್ಚಿನ ಅಂತರದಿಂದ ಗೆದ್ದರು. ಆ ಸ್ಪರ್ಧೆಯನ್ನು ಇವರು ಒಟ್ಟು ಒಂಬತ್ತು ಬಾರಿ ಜಯಿಸಿದರು.

ಸವಾರಿಯ ಶೈಲಿ

ಟೈಮ್ ಟ್ರಯಲ್‌ನಲ್ಲಿ ಸ್ಪರ್ಧಿಗಳು ನಿಗದಿತ ಅಂತರದಲ್ಲಿ ಒಬ್ಬೊಬ್ಬರಾಗಿ ಹೊರಡುತ್ತಾರೆ. ಇನ್ನೊಬ್ಬರ ಬೆನ್ನ ಹಿಂದೆ ಅಡಗಿ ಗಾಳಿಯಿಂದ ತಪ್ಪಿಸಿಕೊಳ್ಳುವ ಅವಕಾಶ ಇಲ್ಲಿಲ್ಲ. ಗಾಳಿಯ ತಡೆಯನ್ನು ಮೀರಲು ಬೇಕಾದ ಶಕ್ತಿಯು ವೇಗದ ಘನಕ್ಕೆ ಅನುಗುಣವಾಗಿ ಏರುತ್ತದೆ. ಎಂದರೆ ವೇಗವನ್ನು ಹತ್ತರಲ್ಲೊಂದು ಪಾಲು ಹೆಚ್ಚಿಸಬೇಕಾದರೆ ಈ ಶಕ್ತಿ ಸುಮಾರು ಮೂರನೆಯ ಒಂದು ಪಾಲು ಹೆಚ್ಚಬೇಕು. ಆದುದರಿಂದ ಕಾಲುಗಳ ಬಲದಷ್ಟೇ ಕುಳಿತುಕೊಳ್ಳುವ ಭಂಗಿಯೂ ಮುಖ್ಯ.

ಆಂಕೆಟಿಲ್ ಅವರು ಸೀಟಿನ ಮೂತಿಯತ್ತ ಸರಿದು, ಮೊಣಕೈ ಮಡಿಸಿ, ಬೆನ್ನನ್ನು ನೆಲಕ್ಕೆ ಬಹುಮಟ್ಟಿಗೆ ಸಮಾನಾಂತರವಾಗಿ ಚಾಚಿ, ತಲೆ ತಗ್ಗಿಸಿ ಸವಾರಿ ಮಾಡುತ್ತಿದ್ದರು. ಸೀಟಿನ ಹಿಂಭಾಗದಲ್ಲಿ ಕುಳಿತು ಅಷ್ಟು ಬಾಗಿದರೆ ಪ್ರತಿ ಸುತ್ತಿಗೂ ತೊಡೆ ಹೊಟ್ಟೆಗೆ ಒತ್ತಿಕೊಳ್ಳುತ್ತದೆ. ಉಸಿರೂ ಕಟ್ಟುತ್ತದೆ, ಪೆಡಲ್ ಮೇಲಿನ ಬಲವೂ ಕುಂದುತ್ತದೆ. ಮುಂದಕ್ಕೆ ಸರಿದಾಗ ಸೊಂಟದ ಕೋನ ತೆರೆದುಕೊಳ್ಳುವುದರಿಂದ ದೇಹವನ್ನು ತಗ್ಗಿಸಿಯೂ ಕಾಲಿನ ಬಲ ಉಳಿಸಿಕೊಳ್ಳಬಹುದು. ಹಾಗೆ ಸರಿದಾಗ ಸೀಟಿನಿಂದ ಪೆಡಲ್‌ಗಿರುವ ದೂರ ತುಸು ಕಡಿಮೆಯಾಗುತ್ತದೆ. ಕಾಲ್ಬೆರಳನ್ನು ಕೆಳಮುಖವಾಗಿಸಿ ತುಳಿಯುವುದು ಇವರ ವಿಶಿಷ್ಟ ರೀತಿಯಾಗಿತ್ತು. ನೋಡುವವರಿಗೆ ಇದು ಸಲೀಸಾಗಿ ಕಾಣುತ್ತಿತ್ತು, ಆದರೆ ಸಲೀಸಲ್ಲ. ದೇಹದ ಭಾರ ತೋಳುಗಳ ಮೇಲೂ ಸೀಟಿನ ಕಿರಿದಾದ ತುದಿಯ ಮೇಲೂ ಬೀಳುತ್ತದೆ; ಅದನ್ನು ಗಂಟೆಗಟ್ಟಲೆ ಅಲುಗದೆ ತಾಳಿಕೊಳ್ಳಬೇಕು.

ಅಂದಿನ ಸೈಕಲ್‌ಗಳು ಇದಕ್ಕೆ ಹೇಳಿ ಮಾಡಿಸಿದವೂ ಅಲ್ಲ. ಸೀಟಿನ ಕೊಳವೆ ಹಿಂದಕ್ಕೆ ಓರೆಯಾಗಿತ್ತು, ಹ್ಯಾಂಡಲ್ ಸಾಧಾರಣ ಬಾಗಿದ ಹ್ಯಾಂಡಲ್. ಮೊಣಕೈ ಊರುವ ಹ್ಯಾಂಡಲ್‌ನಿಂದ ಗ್ರೆಗ್ ಲೆಮಾಂಡ್ ಅವರು ಟೂರ್ ದ ಫ್ರಾನ್ಸ್ ಅನ್ನು 8 ಸೆಕೆಂಡುಗಳಿಂದ ಗೆದ್ದದ್ದು 1989ರಲ್ಲಿ, ಆಂಕೆಟಿಲ್ ತೀರಿಕೊಂಡ ಬಳಿಕ. ಇಂದಿನ ಟೈಮ್ ಟ್ರಯಲ್ ಸೈಕಲ್‌ಗಳಲ್ಲಿ ಸೀಟಿನ ಕೊಳವೆ ಹೆಚ್ಚು ನೆಟ್ಟಗಿದ್ದು, ಸವಾರ ಮುಂದಕ್ಕೆ ಕೂರುವಂತೆಯೇ ರಚಿತವಾಗಿರುತ್ತದೆ. ಈ ಪ್ರವೃತ್ತಿ ಮಿತಿಮೀರದಂತೆ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟವು ಮುಂದೆ ಸೀಟಿನ ಮೂತಿ ಪೆಡಲ್ ಅಚ್ಚಿನಿಂದ 5 ಸೆಂ.ಮೀ. ಹಿಂದಿರಬೇಕೆಂಬ ನಿಯಮವನ್ನೂ ತಂದಿತು.

ಪ್ರಮುಖ ಸಾಧನೆಗಳು

1956ರ ಜೂನ್ 29ರಂದು ಮಿಲಾನಿನ ವಿಗೊರೆಲ್ಲಿ ಟ್ರ್ಯಾಕ್‌ನಲ್ಲಿ ಒಂದು ಗಂಟೆಯಲ್ಲಿ 46.159 ಕಿ.ಮೀ. ಕ್ರಮಿಸಿ, ಫೌಸ್ಟೊ ಕೊಪ್ಪಿ ಅವರ 1942ರ ದಾಖಲೆಯನ್ನು ಮುರಿದರು. 1961ರ ಟೂರ್‌ನಲ್ಲಿ ಮೊದಲ ದಿನವೇ ಧರಿಸಿದ ಹಳದಿ ಅಂಗಿಯನ್ನು ಕೊನೆಯವರೆಗೂ ಬಿಟ್ಟುಕೊಡಲಿಲ್ಲ.

1964ರ ಟೂರ್ ಇವರ ಜೀವನದ ಅತ್ಯಂತ ಕಠಿಣ ಗೆಲುವು. ಪ್ಯೂಯಿ ದ ದೋಮ್ ಬೆಟ್ಟದ ಏರಿನಲ್ಲಿ ರೇಮೋಂ ಪುಲಿದೋರ್ ಅವರೊಡನೆ ಭುಜಕ್ಕೆ ಭುಜ ತಾಗುವಂತೆ ಸಾಗಿದ ಆಂಕೆಟಿಲ್, ತುದಿಯ ಬಳಿ ಸೋತು 42 ಸೆಕೆಂಡು ಕಳೆದುಕೊಂಡರು. ಉಳಿದದ್ದು ಕೇವಲ 14 ಸೆಕೆಂಡುಗಳ ಮುನ್ನಡೆ. ಆದರೆ ಕೊನೆಯ ಹಂತ ವರ್ಸಾಯ್‌ನಿಂದ ಪ್ಯಾರಿಸ್‌ಗೆ ಟೈಮ್ ಟ್ರಯಲ್ ಆಗಿತ್ತು. ಅದನ್ನು ಗೆದ್ದು, ಒಟ್ಟು 55 ಸೆಕೆಂಡುಗಳಿಂದ ವಿಜಯಿಯಾದರು. ಆದರೂ ಫ್ರೆಂಚ್ ಜನತೆಯ ಒಲವು ಸೋತ ಪುಲಿದೋರ್ ಅವರತ್ತಲೇ ಹೆಚ್ಚು ಹರಿಯಿತು. ಲೆಕ್ಕ ಹಾಕಿ ಗೆಲ್ಲುವವರೆಂಬ ಆಕ್ಷೇಪ ಆಂಕೆಟಿಲ್ ಅವರನ್ನು ಕೊನೆಯವರೆಗೂ ಬಿಡಲಿಲ್ಲ.

ವಿವಾದ

ಉತ್ತೇಜಕ ಔಷಧಿಗಳ ಬಳಕೆಯನ್ನು ಇವರು ಬಹಿರಂಗವಾಗಿಯೇ ಒಪ್ಪಿಕೊಂಡಿದ್ದರು. 1967ರಲ್ಲಿ ಒಂದು ಗಂಟೆಯಲ್ಲಿ 47.493 ಕಿ.ಮೀ. ಸವಾರಿ ಮಾಡಿದರೂ, ಕ್ರೀಡಾಂಗಣದಲ್ಲಿಯೇ ಮೂತ್ರ ಪರೀಕ್ಷೆಗೆ ಒಳಪಡಲು ನಿರಾಕರಿಸಿದ್ದರಿಂದ ಆ ದಾಖಲೆಗೆ ಮನ್ನಣೆ ದೊರೆಯಲಿಲ್ಲ. ಶೈಲಿಯ ಹಿರಿಮೆಯನ್ನು ಹೇಳುವಾಗ ಈ ಸಂಗತಿಯನ್ನು ಮರೆಮಾಚುವುದು ಸಲ್ಲದು.

ನಿವೃತ್ತಿ ಮತ್ತು ನಿಧನ

1969ರಲ್ಲಿ ಸ್ಪರ್ಧೆಗಳಿಂದ ನಿವೃತ್ತರಾಗಿ ನಾರ್ಮಂಡಿಯಲ್ಲಿ ಕೃಷಿಯಲ್ಲಿ ತೊಡಗಿದರು. ಎದುರಾಳಿಯಾಗಿದ್ದ ಪುಲಿದೋರ್ ನಂತರದ ವರ್ಷಗಳಲ್ಲಿ ಆಪ್ತ ಮಿತ್ರರಾದರು. ಹೊಟ್ಟೆಯ ಕ್ಯಾನ್ಸರ್‌ನಿಂದ ಬಳಲಿ, 53ನೆಯ ವಯಸ್ಸಿನಲ್ಲಿ ರೂಆನ್ ನಗರದಲ್ಲಿ ನಿಧನರಾದರು. ಕ್ಯಾಂಕಾಂಪ್ವಾದಲ್ಲಿ ಇವರ ಸಮಾಧಿಯಿದೆ.