ಗಾಟಿಂಗೆನ್‌ನಲ್ಲಿ ಓದಿ ಅಡಿಕೆ ತೋಟಕ್ಕೆ ಬಂದವರು

ಮೇಗುಂದ ಹೋಬಳಿಯ ನಮ್ಮ ಕಡೆ ಮಕ್ಕಳನ್ನು ವಿದೇಶಕ್ಕೆ ಓದಲು ಕಳಿಸುವ ಮಾತು ಬಂದರೆ, ಲೆಕ್ಕ ಶುರುವಾಗುವುದು ಅಡಿಕೆ ಧಾರಣೆಯಿಂದ. ಶುಲ್ಕ, ವೀಸಾ, ವಿಮಾನದ ಟಿಕೆಟ್ಟು ಎಲ್ಲವೂ ತೋಟದಿಂದಲೇ ಹುಟ್ಟಬೇಕು. ಆ ವರ್ಷ ಕೊಳೆ ಬಂತೆಂದರೆ ಲೆಕ್ಕ ತಲೆಕೆಳಗು. ಎಂ.ಎಸ್ಸಿಗೆ ಜರ್ಮನಿಗೆ ಅರ್ಜಿ ಹಾಕಲೋ ಬೇಡವೋ ಎಂದು ನಾನೂ ಈಗ ಇದೇ ಲೆಕ್ಕದಲ್ಲಿ ಮುಳುಗಿದ್ದೇನೆ. ಈ ಹೊತ್ತಿನಲ್ಲಿ ನನಗೆ ಮತ್ತೆ ಮತ್ತೆ ನೆನಪಾಗುವವರು ಡಾ. ಲೆಸ್ಲಿ ಕೋಲ್‌ಮನ್. ಅವರು ಕೆನಡಾದಿಂದ ಜರ್ಮನಿಗೆ ಓದಲು ಹೋದವರು. ಓದು ಮುಗಿಸಿ ಬಂದದ್ದು ನಮ್ಮ ಮಲೆನಾಡಿನ ಅಡಿಕೆ ಮರದ ಬುಡಕ್ಕೆ.

ಕೋಲ್‌ಮನ್ ಹುಟ್ಟಿದ್ದು 1878ರಲ್ಲಿ, ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ. ಟೊರಾಂಟೊ ವಿಶ್ವವಿದ್ಯಾಲಯದಲ್ಲಿ ಪದವಿ ಪಡೆದರು. ವಿಜ್ಞಾನದಲ್ಲಿ ಸಂಶೋಧನೆ ಮಾಡಬೇಕೆನ್ನುವವರ ಕಣ್ಣೆಲ್ಲ ಆಗ ಜರ್ಮನಿಯ ಪ್ರಯೋಗಾಲಯಗಳ ಮೇಲಿತ್ತು. ಅವರೂ ಗಾಟಿಂಗೆನ್‌ಗೆ ಹೋಗಿ ಪಿಎಚ್.ಡಿ. ಮಾಡಿದರು. ವಿಷಯ, ಮಣ್ಣಿನಲ್ಲಿರುವ ಸೂಕ್ಷ್ಮಜೀವಿಗಳು ನೈಟ್ರೇಟ್ ತಯಾರಿಸುವ ಬಗೆ. ಆ ಸಂಶೋಧನೆ ಪ್ರಕಟವಾದದ್ದು ಜರ್ಮನ್ ಭಾಷೆಯಲ್ಲೇ. ಪರದೇಶದ ಓದಿಗೆ ಮೊದಲು ಅಲ್ಲಿನ ಭಾಷೆ ಒಲಿಯಬೇಕು ಎನ್ನುವುದು ಇಂದು ಜರ್ಮನ್ ತರಗತಿಗೆ ಸೇರಿರುವ ನನ್ನ ಗೆಳೆಯರಿಗೆ ಬೇರೆ ಹೇಳಬೇಕಿಲ್ಲ.

1908ರಲ್ಲಿ ಮೈಸೂರು ಸರ್ಕಾರ ಸಸ್ಯರೋಗ ಮತ್ತು ಕೀಟಗಳ ಅಧ್ಯಯನಕ್ಕೆ ಅವರನ್ನು ನೇಮಿಸಿಕೊಂಡಿತು. ಆಗ ಅವರಿಗೆ ಮೂವತ್ತು ವರ್ಷ. ಅವರ ಪಿಎಚ್.ಡಿ.ಗೂ ಅಡಿಕೆಗೂ ಯಾವ ನಂಟೂ ಇರಲಿಲ್ಲ. ಆದರೆ ಬಂದ ಆರಂಭದಲ್ಲೇ ಎದುರಾದದ್ದು ಮಲೆನಾಡಿನ ಕೊಳೆರೋಗ.

ಕೊಳೆ ಎಂದರೇನು ಎಂದು ಅಡಿಕೆ ಬೆಳೆಯುವ ಮನೆಯವರಿಗೆ ಗೊತ್ತು. ಆಷಾಢದ ಮಳೆ ಬಿಡದೆ ಹಿಡಿದರೆ ಎಳೆಗಾಯಿಗಳ ಮೇಲೆ ನೀರು ನೆನೆದಂಥ ಕಲೆ ಏಳುತ್ತದೆ, ಬಿಳಿ ಬೂಸ್ಟು ಹತ್ತುತ್ತದೆ, ಕಾಯಿ ಉದುರಿ ಮರದ ಬುಡವೆಲ್ಲ ಹಾಸಿಕೊಳ್ಳುತ್ತದೆ. ಒಂದು ವರ್ಷದ ಅನ್ನ ಕೆಲವೇ ವಾರಗಳಲ್ಲಿ ಕೊಳೆತುಹೋಗುತ್ತದೆ. ಹಿಂದಿನವರು ಕೈಕಟ್ಟಿ ಕೂತಿರಲಿಲ್ಲ. ಮಳೆಗೆ ಮುನ್ನ ಮರ ಹತ್ತಿ ಗೊನೆಗಳಿಗೆ ಕೊಟ್ಟೆ ಕಟ್ಟುತ್ತಿದ್ದರು. ಗೊನೆ ನೆನೆಯದಿದ್ದರೆ ರೋಗ ಬಾರದು ಎಂಬ ಅನುಭವ ಅವರದು. ರೋಗ ತರುವುದು ಯಾವುದು ಎಂಬುದಷ್ಟೇ ಉತ್ತರ ಸಿಗದೆ ಉಳಿದಿತ್ತು.

ಕೋಲ್‌ಮನ್ ಅದನ್ನು ಸೂಕ್ಷ್ಮದರ್ಶಕದ ಕೆಳಗೆ ಹಿಡಿದರು. ಫೈಟಾಫ್ತೊರಾ ಗುಂಪಿನ, ಶಿಲೀಂಧ್ರದಂಥ ಸೂಕ್ಷ್ಮಜೀವಿ ಅದು. ಆಲೂಗಡ್ಡೆಯ ಅಂಗಮಾರಿ ತಂದು ಐರ್ಲೆಂಡಿನಲ್ಲಿ ಕ್ಷಾಮಕ್ಕೆ ಕಾರಣವಾದದ್ದೂ ಇದೇ ಗುಂಪಿನದು. 1910ರಲ್ಲಿ ಅವರು ಬರೆದ ಇಂಗ್ಲಿಷ್ ವರದಿಯ ಹೆಸರಿನಲ್ಲೇ ಕೊಳೆರೋಗ ಎಂಬ ನಮ್ಮ ಮಾತಿದೆ. ರೈತರು ಕರೆಯುತ್ತಿದ್ದ ಹೆಸರನ್ನು ಅವರು ಬದಲಿಸಲು ಹೋಗಲಿಲ್ಲ. ಇದು ನನಗೆ ತುಂಬ ಹಿಡಿಸಿದ ಸಂಗತಿ.

ಇನ್ನು ಮದ್ದು. ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಬೋರ್ಡೊ ದ್ರಾವಣ ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ 1880ರ ದಶಕದಲ್ಲೇ ಬಳಕೆಗೆ ಬಂದಿತ್ತು. ಅಂದರೆ ಉತ್ತರ ಪುಸ್ತಕದಲ್ಲಿತ್ತು. ಆದರೆ ಫ್ರಾನ್ಸಿನ ಮಳೆಯೇ ಬೇರೆ, ನಮ್ಮ ಮಳೆಯೇ ಬೇರೆ. ಸೊಂಟದೆತ್ತರದ ದ್ರಾಕ್ಷಿ ಬಳ್ಳಿಯೇ ಬೇರೆ, ಐವತ್ತು ಅಡಿಯ ಅಡಿಕೆ ಮರವೇ ಬೇರೆ. ಇಲ್ಲಿ ಹೊಡೆದ ಔಷಧಿ ನಾಲ್ಕು ದಿನದಲ್ಲಿ ತೊಳೆದುಹೋದರೆ ಏನು ಬಂತು? ಅದಕ್ಕೆ ರಾಳ ಮತ್ತು ಸೋಡಾದ ಅಂಟು ಸೇರಿಸಿ, ಮಳೆಗೂ ಗೊನೆಯ ಮೇಲೆ ನಿಲ್ಲುವಂತೆ ಮಾಡಿದರು. ಮಳೆ ಹಿಡಿಯುವ ಮುನ್ನ ಒಮ್ಮೆ, ಸುಮಾರು ನಲವತ್ತು ದಿನ ಬಿಟ್ಟು ಇನ್ನೊಮ್ಮೆ ಔಷಧಿ ಹೊಡೆಯುವುದು ಇಂದು ನಮ್ಮ ತೋಟಗಳ ವಾಡಿಕೆ. ನನ್ನ ಪ್ರಕಾರ ಅವರ ನಿಜವಾದ ಓದು ಇರುವುದು ಆ ಅಂಟಿನಲ್ಲಿ. ಹೊರಗೆ ಕಲಿತದ್ದನ್ನು ಇಲ್ಲಿನ ಮಳೆಯಲ್ಲಿ ನಿಲ್ಲಿಸುವುದು ಯಾವ ವಿಶ್ವವಿದ್ಯಾಲಯದ ಪಾಠಪಟ್ಟಿಯಲ್ಲೂ ಇರುವುದಿಲ್ಲ.

1913ರಲ್ಲಿ ಮೈಸೂರು ಕೃಷಿ ಇಲಾಖೆ ಆರಂಭವಾದಾಗ ಕೋಲ್‌ಮನ್ ಅದರ ಮೊದಲ ನಿರ್ದೇಶಕರಾದರು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲ ಅದು. ಅದೇ ವರ್ಷ ಹೆಬ್ಬಾಳದಲ್ಲಿ ಕೃಷಿ ಶಾಲೆ ಶುರುವಾಯಿತು. ಎಲೆ ತುಕ್ಕು ರೋಗ ಕಾಫಿಯನ್ನು ಕಾಡಿದಾಗ 1915ರಲ್ಲಿ ಸಂಶೋಧನೆಗೆ ತಾತ್ಕಾಲಿಕ ಘಟಕ ತೆರೆದದ್ದು ನಮ್ಮ ಕೊಪ್ಪದಲ್ಲೇ. 1925ರಲ್ಲಿ ಬಾಳೆಹೊನ್ನೂರಿನ ಬಳಿ ಪೂರ್ಣ ಪ್ರಮಾಣದ ಕೇಂದ್ರ ತಲೆ ಎತ್ತಿತು. ಇಂದಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ ಅದೇ. ಮಂಡ್ಯದ ಕಬ್ಬು ಮತ್ತು 1933ರಲ್ಲಿ ಆರಂಭವಾದ ಸಕ್ಕರೆ ಕಾರ್ಖಾನೆಯ ಹಿಂದೆಯೂ ಅವರ ದುಡಿಮೆ ಇದೆ. 1934ರಲ್ಲಿ ನಿವೃತ್ತರಾಗಿ ಕೆನಡಾಕ್ಕೆ ಮರಳಿದ ಮೇಲೂ ಓದು ಬಿಡಲಿಲ್ಲ. ಅರವತ್ತು ದಾಟಿದ ಮೇಲೆ ಸಸ್ಯಕೋಶಗಳ ಬಗ್ಗೆ ಸಂಶೋಧನಾ ಲೇಖನ ಪ್ರಕಟಿಸಿದರು. 1954ರಲ್ಲಿ ತೀರಿಕೊಂಡರು.

ಇಷ್ಟು ಓದಿ, ನಾವೂ ಹೀಗೇ ಊರಿಗೆ ಬಂದುಬಿಡೋಣ ಎಂದು ಹೇಳುವುದು ಸುಲಭ. ಆದರೆ ಅವರ ಮತ್ತು ನಮ್ಮ ಸ್ಥಿತಿ ಒಂದೇ ಅಲ್ಲ. ಅವರು ಬರುವ ಮುಂಚೆಯೇ ಇಲ್ಲಿ ಅವರಿಗೊಂದು ಹುದ್ದೆ ಕಾಯುತ್ತಿತ್ತು. ನಮ್ಮಲ್ಲಿ ಹಲವರು ಶಿಕ್ಷಣ ಸಾಲ ಹೊತ್ತು ಹೋಗುತ್ತೇವೆ. ಸಾಲ ತೀರಿಸುವಷ್ಟು ಸಂಬಳದ ಕೆಲಸ ಕೊಪ್ಪ, ಶೃಂಗೇರಿಯಲ್ಲಿ ಎಲ್ಲಿದೆ? ವಿದೇಶದಲ್ಲಿ ಉಳಿದವರನ್ನು ದೂರುವ ಮುನ್ನ ಈ ಪ್ರಶ್ನೆ ಕೇಳಿಕೊಳ್ಳಬೇಕು. ಆಗಿನ ಸರ್ಕಾರ ಒಬ್ಬ ಓದಿದವನಿಗೆ ಕೆಲಸವನ್ನೂ ಪ್ರಯೋಗಾಲಯವನ್ನೂ ಕಾಲಾವಕಾಶವನ್ನೂ ಕೊಟ್ಟಿತು. ಅದಕ್ಕೆ ಸಿಕ್ಕ ಪ್ರತಿಫಲವನ್ನು ನಾವು ಇನ್ನೂ ಉಣ್ಣುತ್ತಿದ್ದೇವೆ.

ಈಗ ನಮ್ಮ ತೋಟಗಳಲ್ಲಿ ಹಳದಿ ಎಲೆ ರೋಗವಿದೆ, ಜೊತೆಗೆ ಎಲೆಚುಕ್ಕಿ. ಹಳದಿ ಎಲೆಗೆ ಬೋರ್ಡೊದಂಥ ಮದ್ದು ಇನ್ನೂ ಸಿಕ್ಕಿಲ್ಲ. ತೋಟಗಳು ಸೊರಗುತ್ತಿವೆ. ವಿದೇಶಿ ವಿಶ್ವವಿದ್ಯಾಲಯಗಳ ಅರ್ಜಿಯಲ್ಲಿ ಈ ವಿಷಯವನ್ನೇ ಏಕೆ ಓದಬೇಕು ಎಂಬ ಪ್ರಶ್ನೆ ಇರುತ್ತದೆ. ಅಲ್ಲಿ ನಾನು ಸಸ್ಯರೋಗ ಶಾಸ್ತ್ರ ಎಂದು ಬರೆದು, ಅದರ ಕೆಳಗೆ ಹಳದಿ ಎಲೆ ರೋಗದ ಹೆಸರು ಸೇರಿಸಿದ್ದೇನೆ. ಸೀಟು ಸಿಕ್ಕರೂ ಸಿಗದಿದ್ದರೂ ಆ ಪ್ರಶ್ನೆಗೆ ನನ್ನ ಉತ್ತರ ಅದೇ.