ರೆವರೆಂಡ್ ಕಿಟ್ಟೆಲ್

ಫರ್ಡಿನೆಂಡ್ ಕಿಟ್ಟೆಲ್ಲರು 1832ರಲ್ಲಿ ಜರ್ಮನಿಯಲ್ಲಿ ಜನಿಸಿದರು. 1853ರಲ್ಲಿ ಬಾಸೆಲ್ ಮಿಷನ್ನಿನ ಪಾದ್ರಿಯಾಗಿ ಕನ್ನಡ ನಾಡಿಗೆ ಬಂದರು. ಬಾದಾಮಿ ಸೀಮೆಯಲ್ಲಿ ನೇಕಾರರ ಊರಾದ ಗುಳೇದಗುಡ್ಡದಲ್ಲಿಯೂ ಆ ಮಿಷನ್ನಿನ ಸೇವಾಕೇಂದ್ರವಿತ್ತು. ಧಾರವಾಡ, ಮಂಗಳೂರು, ಮಡಿಕೇರಿಗಳಲ್ಲಿ ನೆಲೆಸಿದ ಕಿಟ್ಟೆಲ್ಲರು ಕನ್ನಡವನ್ನು ಆಳವಾಗಿ ಅಭ್ಯಸಿಸಿ, ಕನ್ನಡ-ಇಂಗ್ಲಿಷ್ ನಿಘಂಟಿನ ರಚನೆಗೆ ಕೈಹಾಕಿದರು.

ಅದು ಒಬ್ಬರಿಂದಲೇ ಆಗುವ ಕಾರ್ಯವಾಗಿರಲಿಲ್ಲ. ಸಹೋದ್ಯೋಗಿಗಳಾದ ಪಾದ್ರಿಗಳು ಗಾದೆಗಳನ್ನು ಸಂಗ್ರಹಿಸಿಕೊಟ್ಟರು. ಕನ್ನಡ ಪಂಡಿತರು ಪದಗಳ ಅರ್ಥವನ್ನು ವಿವರಿಸಿದರು. ಮಂಗಳೂರಿನ ಮಿಷನ್ ಮುದ್ರಣಾಲಯದವರು ಅಚ್ಚಿನ ಮೊಳೆಗಳನ್ನು ಜೋಡಿಸಿದರು. ಎಲ್ಲವನ್ನೂ ಪರಿಶೀಲಿಸಿ ಕ್ರಮಗೊಳಿಸುವ ಹೊಣೆ ಕಿಟ್ಟೆಲ್ಲರದಾಗಿತ್ತು. ಅವಿರತ ದುಡಿಮೆಯಿಂದ ಅವರ ದೃಷ್ಟಿ ಕುಂದಿತು. ಆದರೂ ಕೆಲಸ ನಿಲ್ಲಲಿಲ್ಲ.

1894ರಲ್ಲಿ ಸುಮಾರು 70,000 ಪದಗಳ ಆ ಮಹಾಕೃತಿ ಬೆಳಕು ಕಂಡಿತು. 1903ರಲ್ಲಿ ಕಿಟ್ಟೆಲ್ಲರು ತಾಯ್ನಾಡಿನಲ್ಲಿ ನಿಧನರಾದರು. ನಿಘಂಟಿನ ಮುಖಪುಟದಲ್ಲಿರುವ ಹೆಸರು ಒಂದೇ. ಅದರ ಹಿಂದೆ ದುಡಿದ ಕೈಗಳು ಹಲವು.