ಚಿತ್ರ ಬರೆಯುವ ಹುಡುಗ ಮೆದುಳಿನ ದಾರಿ ಕಂಡದ್ದು

ಈ ಸಲ ನಾನು ಸಾಂಟಿಯಾಗೊ ರಾಮೋನ್ ಇ ಕಹಾಲ್ ಎಂಬ ವಿಜ್ಞಾನಿಯ ಬಗ್ಗೆ ಬರೆಯುತ್ತಿದ್ದೇನೆ. ಹೆಸರು ಉದ್ದ, ಕಹಾಲ್ ಅಂದರೆ ಸಾಕು. 1852ರ ಮೇ 1ರಂದು ಸ್ಪೇನ್ ದೇಶದ ಪೆಟಿಲ್ಯಾ ಎಂಬ ಬೆಟ್ಟದ ಹಳ್ಳಿಯಲ್ಲಿ ಹುಟ್ಟಿದರು. ತಂದೆ ವೈದ್ಯರು, ಬಲು ಕಟ್ಟುನಿಟ್ಟು. ಮಗನಿಗೋ ಚಿತ್ರ ಬರೆಯೋ ಹುಚ್ಚು. ಅದು ಹೊಟ್ಟೆಗೆ ಹಿಟ್ಟು ಕೊಡುವುದಿಲ್ಲ ಅಂತ ತಂದೆ ಅವನನ್ನು ಒಮ್ಮೆ ಕ್ಷೌರದವರ ಹತ್ತಿರ, ಇನ್ನೊಮ್ಮೆ ಬೂಟು ಹೊಲಿಯುವವರ ಹತ್ತಿರ ಕೆಲಸಕ್ಕೆ ಬಿಟ್ಟರು. 11ನೇ ವಯಸ್ಸಿನಲ್ಲಿ ತಾನೇ ಮಾಡಿದ ಫಿರಂಗಿ ಹಾರಿಸಿ ನೆರೆಯವರ ಗೇಟು ಪುಡಿಮಾಡಿ, ಕೆಲವು ದಿನ ಸೆರೆಮನೆಯಲ್ಲೂ ಇದ್ದ. (ನಮ್ಮನ್ನು ಬೆಂಚಿನ ಮೇಲೆ ನಿಲ್ಲಿಸುತ್ತಾರೆ, ಅಷ್ಟೇ!)

1868ರ ಬೇಸಿಗೆಯಲ್ಲಿ ತಂದೆ ಅವನನ್ನು ಸ್ಮಶಾನಕ್ಕೆ ಕರೆದೊಯ್ದು, ಹಳೆಯ ಮೂಳೆಗಳನ್ನು ತೋರಿಸಿ ಚಿತ್ರ ಬರೆಯಲು ಹಚ್ಚಿದರು. ಹುಡುಗನಿಗೆ ಓದು ರುಚಿಸಿತು. 1873ರಲ್ಲಿ ಡಾಕ್ಟರಾದರು. ಸೈನ್ಯದ ವೈದ್ಯರಾಗಿ ಕ್ಯೂಬಾಕ್ಕೆ ಹೋಗಿ ಮಲೇರಿಯಾ ಹತ್ತಿಸಿಕೊಂಡು ಬಂದರು.

ಆಗಿನ ಕಾಲದಲ್ಲಿ ಮೆದುಳಿನ ಎಳೆಗಳೆಲ್ಲ ಸೇರಿ ಒಂದೇ ಬಲೆ ಎಂದು ಬಹಳ ವಿಜ್ಞಾನಿಗಳು ನಂಬಿದ್ದರು. ಇಟಲಿಯ ಗಾಲ್ಜಿ ಅವರಲ್ಲಿ ದೊಡ್ಡವರು. ಬೆಳ್ಳಿಯ ಲವಣದಿಂದ ಕೆಲವೇ ಜೀವಕೋಶಗಳು ಕಪ್ಪಾಗಿ ಕಾಣುವಂತೆ ಮಾಡುವ ವಿಧಾನ ಅವರದೇ. 1887ರಲ್ಲಿ ಕಹಾಲ್ ಅದನ್ನು ನೋಡಿದರು. ಆದರೆ ಬೆಳೆದ ಮೆದುಳಿನಲ್ಲಿ ಎಳೆಗಳು ಬಿದಿರು ಮೆಳೆಯಂತೆ ಹೆಣೆದಿರುತ್ತವೆ, ಏನೂ ತಿಳಿಯದು. ಹಾಗಾಗಿ ಮೊಟ್ಟೆಯೊಳಗಿನ ಎಳೇ ಕೋಳಿಮರಿಯ ಮೆದುಳನ್ನು ತೆಗೆದುಕೊಂಡರು. ಒಂದೊಂದು ಕೋಶವೂ ಬೇರೆ ಬೇರೆಯಾಗಿ ಕಂಡಿತು! 1888ರಲ್ಲಿ ಕೈಯಿಂದ ದುಡ್ಡು ಹಾಕಿ ತಮ್ಮದೇ ಪತ್ರಿಕೆ ಅಚ್ಚುಹಾಕಿಸಿದರು, ಬರೀ 60 ಪ್ರತಿ. ನಮ್ಮ ಗೋಡೆ ಪತ್ರಿಕೆಗಿಂತ 59 ಜಾಸ್ತಿ. ಯಾರೂ ಅಷ್ಟಾಗಿ ಗಮನಿಸಲಿಲ್ಲ. 1889ರಲ್ಲಿ ಸ್ಲೈಡುಗಳನ್ನು ಹೊತ್ತು ಬರ್ಲಿನ್‌ಗೇ ಹೋಗಿ ತೋರಿಸಿದ ಮೇಲೆ ಹಿರಿಯ ವಿಜ್ಞಾನಿ ಕೋಲಿಕರ್ ಒಪ್ಪಿದರು.

ನನಗೆ ಹೆಚ್ಚು ಹಿಡಿಸಿದ್ದು ಮುಂದಿನದು. ಬೆಳೆಯುವ ಎಳೆಗೆ ಎಲ್ಲಿಗೆ ಹೋಗಬೇಕೆಂದು ಹೇಗೆ ಗೊತ್ತು? 1890ರಲ್ಲಿ ಕಹಾಲ್ ಎಳೆಯ ತುದಿಯಲ್ಲಿ ಒಂದು ಉಬ್ಬು ಕಂಡರು. ಕತ್ತಲೆಯಲ್ಲಿ ಕೈಯಾಡಿಸಿ ದಾರಿ ಹುಡುಕುವಂತೆ ಅದು ಮುಂದೆ ಸಾಗುತ್ತದೆ ಅಂದರು. ಬೆಲ್ಲದ ಕಡೆಗೆ ಇರುವೆ ಹೋಗೋ ಹಾಗೆ, ಯಾವುದೋ ರಾಸಾಯನಿಕ ಅದನ್ನು ಸೆಳೆಯುತ್ತದೆ ಎಂದು 1892ರಲ್ಲಿ ಊಹಿಸಿದರು. ಅವರು ನೋಡಿದ್ದು ಸತ್ತ ತುಂಡುಗಳನ್ನು ಮಾತ್ರ! ಜೀವಂತ ಎಳೆ ಬೆಳೆಯುವುದನ್ನು 1907ರಲ್ಲಿ ಹ್ಯಾರಿಸನ್ ಕಪ್ಪೆಯ ಭ್ರೂಣದಲ್ಲಿ ತೋರಿಸಿದರು.

1906ರಲ್ಲಿ ನೊಬೆಲ್ ಬಹುಮಾನ ಕಹಾಲ್ ಮತ್ತು ಗಾಲ್ಜಿ ಇಬ್ಬರಿಗೂ ಬಂತು. ಗಾಲ್ಜಿ ಆ ವೇದಿಕೆಯಲ್ಲೂ ಬಲೆಯ ವಾದವನ್ನು ಬಿಡಲಿಲ್ಲ. ಕಹಾಲ್ 1934ರ ಅಕ್ಟೋಬರ್ 17ರಂದು ಮ್ಯಾಡ್ರಿಡ್‌ನಲ್ಲಿ ತೀರಿಕೊಂಡರು.

ಎಳೆ ಮಾತ್ರವಲ್ಲ, ನರಕೋಶಗಳೂ ಹುಟ್ಟಿದ ಜಾಗದಿಂದ ಹೊರಟು ತಮ್ಮ ಜಾಗಕ್ಕೆ ಹೋಗುತ್ತವೆ. ಅವು ಉದ್ದನೆಯ ಬೇರೆ ಕೋಶಗಳನ್ನು ಹಿಡಿದು, ಅಡಿಕೆ ಮರ ಹತ್ತುವಂತೆ ಮೇಲೇರುತ್ತವೆ ಎಂದು 1972ರಲ್ಲಿ ರಾಕಿಚ್ ತೋರಿಸಿದರು. ಕಹಾಲ್ ಊಹಿಸಿದಂಥ ರಾಸಾಯನಿಕ 1994ರಲ್ಲಿ ಅಮೆರಿಕದಲ್ಲಿ ಸಿಕ್ಕಿತು, ಅದೂ ಸಾವಿರಾರು ಕೋಳಿಮರಿ ಭ್ರೂಣಗಳ ಮೆದುಳಿನಿಂದ. ಅದಕ್ಕಿಟ್ಟ ಹೆಸರು ನೆಟ್ರಿನ್. ದಾರಿ ತೋರುವವನು ಎಂಬರ್ಥದ ಸಂಸ್ಕೃತ ಪದದಿಂದ ಬಂದದ್ದು. ನಾವು ನೇತಾರ, ನೇತೃತ್ವ ಅನ್ನುತ್ತೇವಲ್ಲ, ಅದೇ.